ವಿಭೂತಿ ಹಚ್ಚಿಸಿಕೊಂಡ ವೈಫೈ ಕಾರ್ಡು

ಪೀಣ್ಯದ ಮಳೆಗೆ ಅದರದೇ ಒಂದು ವಾಸನೆ ಇದೆ. ಊರ ಕಡೆಯಾದರೆ ಮೊದಲ ಹನಿಗೆ ಮಣ್ಣು ಘಮ್ಮೆನ್ನುತ್ತದೆ. ಇಲ್ಲಿ ಕಬ್ಬಿಣದ ಪುಡಿ, ಮಷೀನಿನ ಎಣ್ಣೆ, ಮೋರಿ ಎಲ್ಲ ಸೇರಿಕೊಂಡು ಮೂಗಿಗೆ ಬರುತ್ತವೆ. ಕೆಟ್ಟ ವಾಸನೆ ಅಂತ ನಾನು ಹೇಳಲಾರೆ. ನಮ್ಮ ಮನೆಯವರ ಅಂಗಿ ಒಗೆದು ಒಗೆದು ನನಗದು ಮನೆಯ ವಾಸನೆಯೇ ಆಗಿಬಿಟ್ಟಿದೆ. ಹೋದ ವಾರ ಹಳೆಯ ಗಿರಾಕಿಯೊಬ್ಬರ ಮಗಳ ಮದುವೆಗೆ ಹೊಲಿದ ಬ್ಲೌಸುಗಳನ್ನು ಕೊಡಲು ಪೀಣ್ಯದ ಪಕ್ಕದ ಲಗ್ಗೆರೆಗೆ ಹೋಗಿದ್ದೆ. ಬಸ್ಸಿಳಿದದ್ದೇ ತಡ ಮಳೆ ಹಿಡಿಯಿತು, ಆ ವಾಸನೆ ಎದ್ದಿತು, ನನ್ನ ಕಾಲು ತಾನಾಗಿ ನಮ್ಮ ಹಳೆಯ ಬಾಡಿಗೆ ಮನೆಯ ಓಣಿಗೆ ತಿರುಗಿತು.

ಮನೆಗೆ ಈಗ ನೇರಳೆ ಬಣ್ಣ ಹೊಡೆಸಿದ್ದಾರೆ. ನಾವಿದ್ದ ಕೆಳಮನೆಯಲ್ಲಿ ಯಾರೋ ಹೊಸಬರು. ಗೇಟಿನ ಹತ್ತಿರ ಕೊಡೆ ಹಿಡಿದು ನಿಂತುಕೊಂಡೆ. ಒಳಗಿನಿಂದ ಹೆಂಗಸೊಬ್ಬಳು ಇಣುಕಿ, "ಯಾರ್ ಬೇಕಿತ್ತು ಅಕ್ಕ?" ಅಂದಳು. "ಯಾರೂ ಇಲ್ಲಮ್ಮ, ಮಳೆ ಜೋರಾಗಿದೆ, ಅದಕ್ಕೆ ನಿಂತೆ" ಅಂದೆ. ಆ ಗೇಟಿನಲ್ಲಿ ಒಂದು ಶ್ರಾವಣದಲ್ಲಿ ನಾನು ನಿಂತಷ್ಟು ಹೊತ್ತು ಯಾವ ದೇವರ ಗುಡಿಯ ಮುಂದೆಯೂ ನಿಂತವಳಲ್ಲ. ಅದನ್ನೆಲ್ಲ ಅವಳಿಗೆ ಹೇಳುತ್ತ ಕೂಡಲಿಕ್ಕಾಗುತ್ತದೆಯೇ?

ನಾವು ಹಾವೇರಿ ಕಡೆಯವರು. ನಾನು ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದೆ, ಈಗಲೂ ಹಾಕುತ್ತೇನೆ. ನಮ್ಮ ಮನೆಯವರು, ಬಸವರಾಜ ಅಂತ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಡೈಗಳ ಡ್ರಾಯಿಂಗ್ ಮಾಡುತ್ತಾರೆ. ಡೈ ಅಂದರೆ ತಗಡನ್ನು ಒತ್ತಿ ಬೇಕಾದ ಆಕಾರಕ್ಕೆ ತರುವ ಉಕ್ಕಿನ ಅಚ್ಚು. ಆ ವರ್ಷ ಆಷಾಢ ಮುಗಿಯುತ್ತಿದ್ದ ಹಾಗೆಯೇ ಸರ್ವಿಸ್ ರಸ್ತೆಯಲ್ಲಿ ನೀರು ತುಂಬಿದ ಗುಂಡಿಯೊಂದು ಇವರ ಬೈಕನ್ನು ಬೀಳಿಸಿತು. ಮೊಣಕಾಲಿನ ಕೆಳಗೆ ಎಲುಬು ಮುರಿದು, ತೊಡೆಯ ತನಕ ಪ್ಲಾಸ್ಟರ್ ಬಂತು. ಡಾಕ್ಟರು ಮೂರು ತಿಂಗಳು ಕಾಲು ಊರಕೂಡದು ಅಂದರು. ಮನೆಯಲ್ಲಿ ಒಂದು ಕಡೆ ಕೂರದ ಮನುಷ್ಯ, ಲುಂಗಿ ಬನಿಯನ್ನಿನಲ್ಲಿ ಮಲಗಿ ಫ್ಯಾನು ನೋಡತೊಡಗಿದರು. ಸುದ್ದಿ ಕೇಳಿ ನಮ್ಮತ್ತೆ ಗಂಗವ್ವ ಊರಿನಿಂದ ಬಂದರು, ಒಂದು ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೊಂದು ವಿಭೂತಿ ಗಟ್ಟಿ ಇಟ್ಟುಕೊಂಡು.

ಅತ್ತೆ ಬಂದದ್ದು ನನಗೆ ಆನೆಬಲ ಬಂದ ಹಾಗಾಯಿತು. ಅಡುಗೆ ಅವರದು, ಇವರನ್ನು ಎಬ್ಬಿಸಿ ಕೂಡಿಸುವುದು ಇಬ್ಬರದು, ಬೈಯುವುದು ಮಾತ್ರ ಪೂರಾ ಅವರದು. "ಬೈಕ್ ಕೊಡಿಸಿದವರ್ಯಾರು ನಿನಗ? ಬಸ್ ಇರಲಿಲ್ಲೇನು ಬೆಂಗಳೂರಾಗ?" ಅಂತ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಇವರು ಗೋಡೆಯ ಕಡೆ ಮುಖ ಮಾಡಿಕೊಳ್ಳುತ್ತಿದ್ದರು.

ಆ ಕೆಳಮನೆಯೊಳಗೆ ಫೋನಿನ ನೆಟ್‌ವರ್ಕ್ ಬರುತ್ತಿರಲಿಲ್ಲ. ಮಾತಾಡಬೇಕಾದರೆ ಗೇಟಿನ ತನಕ ಹೋಗಬೇಕು. ಇವರಿಗೆ ಹೋಗಲಾಗದು, ಹಾಗಾಗಿ ಇವರ ಫೋನುಗಳೆಲ್ಲ ನನ್ನ ಪಾಲಿಗೆ ಬಂದವು. ಒಂದು ಶುಕ್ರವಾರ ಕಾರ್ಖಾನೆಯ ಮಾಲೀಕರು ಶ್ರೀಧರ್ ಸಾರ್ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಆಸ್ಪತ್ರೆಗೂ ಬಂದು ಹೋಗಿದ್ದರು.

"ನೋಡಮ್ಮ ಸಾವಿತ್ರಿ, ಬಸವರಾಜ್‌ಗೆ ಹೇಳು. ಸೋಮವಾರ ಬೆಳಿಗ್ಗೆ ಹೊಸೂರಿನ ಪಾರ್ಟಿ ಆನ್‌ಲೈನ್ ಬರ್ತಾರೆ. ಡ್ರಾಯಿಂಗ್ ಸ್ಕ್ರೀನ್ ಮೇಲೆ ಹಾಕಿ ಅವನೇ ಮಾತಾಡ್ಬೇಕು, ಬೇರೆ ಯಾರಿಗೂ ಅದು ಗೊತ್ತಿಲ್ಲ. ಮನೆಯಿಂದ ಆಗುತ್ತೆ ಅಂದ್ರೆ ಕಾಲು ವಾಸಿ ಆಗೋವರ್ಗೂ ಮನೆಯಿಂದ್ಲೇ ಮಾಡ್ಲಿ. ಆಗಲ್ಲ ಅಂದ್ರೆ ನಾನು ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ. ಈ ಆರ್ಡರ್ ಕೈ ಬಿಟ್ರೆ ನಮ್ಮ ಮಷೀನ್‌ಗಳೆಲ್ಲ ನಿಂತೋಗ್ತವೆ."

ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಿದ ಮಾತಿಗೇ ಮನುಷ್ಯನಿಗೆ ಬೇಜಾರಾಗುವುದು. ನಾನು ಒಳಗೆ ಹೋಗಿ ಇವರ ಕಿವಿಯಲ್ಲಿ ಅಷ್ಟನ್ನೂ ಹೇಳಿದೆ. ಇವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, "ಅವ್ವಗ ಹೇಳಬ್ಯಾಡ" ಅಂದರು. ಅತ್ತೆಗೆ ನಾವು ರಜೆ ಸಿಕ್ಕಿದೆ ಅಂತಲೇ ಹೇಳಿದ್ದೆವು.

ಕಂಪ್ಯೂಟರಿಗೆ ಕೊರತೆ ಇರಲಿಲ್ಲ. ಇವರ ದೊಡ್ಡ ಡೆಸ್ಕ್‌ಟಾಪು ಮಂಚದ ಪಕ್ಕದಲ್ಲೇ ಇತ್ತು, ಡ್ರಾಯಿಂಗ್ ಮಾಡುವ ಸಾಫ್ಟ್‌ವೇರೂ ಅದರಲ್ಲಿತ್ತು. ಇಂಟರ್ನೆಟ್ ಇರಲಿಲ್ಲ, ಅಷ್ಟೇ. ಮೇಲ್ಮನೆಯಲ್ಲಿ ಓನರ್ ಅಂಕಲ್ ಹತ್ತಿರ ಬ್ರಾಡ್‌ಬ್ಯಾಂಡ್ ಇತ್ತು. ಹೋಗಿ ಕೇಳಿದೆ. ಪಾಪ, ಪಾಸ್‌ವರ್ಡ್ ಕೊಡಲು ತಕ್ಷಣ ಒಪ್ಪಿದರು. ಆದರೆ ವೈರು ಎಳೆಯುವ ಮಾತೆತ್ತಿದ ಕೂಡಲೇ ಅವರ ಮುಖ ಬದಲಾಯಿತು.

"ಗ್ವಾಡೆಗೆ ತೂತ ಕೊರೆಯಂಗಿಲ್ಲ ಕಣಮ್ಮ. ಈಗಿನ್ನೂ ಪೇಂಟ್ ಹೊಡ್ಸಿವ್ನಿ. ಕಿಟಕಿಯಿಂದ ನೇತಾಕದೂ ಬ್ಯಾಡ, ನೋಡಕ್ಕೆ ಅಸಯ್ಯ. ಗಾಳೀಲಿ ಎಂಗ್ ಬತ್ತದೋ ಅಂಗ್ ತಗೊಳ್ಳಿ, ನಾನ್ ಬ್ಯಾಡ ಅನ್ನಾಕಿಲ್ಲ."

ಗಾಳಿಯಲ್ಲಿ ನಮ್ಮ ಒಳಕೋಣೆಯ ತನಕ ಬರುವಷ್ಟರಲ್ಲಿ ಅದಕ್ಕೆ ಸುಸ್ತಾಗಿಬಿಡುತ್ತಿತ್ತು. ಫೋನಿಗೆ ಒಂದು ಗೀಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಂದಿನ ಕೋಣೆಗೆ ಇವರನ್ನು ಸಾಗಿಸೋಣವೆಂದರೆ ಅಲ್ಲಿ ನನ್ನ ಹೊಲಿಗೆ ಮಷೀನು, ಹೆಂಗಸರು ಅಳತೆ ಕೊಡುವ ಜಾಗ. "ಒಂದ ಉಪಾಯ ಐತಿ. ಕಂಪ್ಯೂಟರ್ ಒಳಗ ಕೂಡಸೂ ವೈಫೈ ಕಾರ್ಡ್ ಬರತೈತಿ. ಎರಡು ಉದ್ದನ್ನ ಆಂಟೆನಾ ಇರ್ತಾವು. ಅದು ಎಳೀತೈತಿ" ಅಂದರು ಇವರು.

"ಯಾರು ಕೂಡಸವ್ರು?"

"ನೀನಽ. ಹೊಲಿಗಿ ಮಷೀನ್ ಬಿಚ್ಚಿ ಎಣ್ಣಿ ಹಾಕ್ತಿ, ಇದೇನು ಮಹಾ?"

ಮೆಚ್ಚುಗೆಯೋ ಗೇಲಿಯೋ ಗೊತ್ತಾಗಲಿಲ್ಲ. ಆದರೂ ನನಗೆ ಹುರುಪು ಬಂತು. ಶನಿವಾರ ಮುಖ್ಯರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋಗಿ, ಇವರು ಚೀಟಿಯಲ್ಲಿ ಬರೆದುಕೊಟ್ಟ ಕಾರ್ಡನ್ನೇ ತಂದೆ. ಅಂಗೈಯಷ್ಟು ದೊಡ್ಡದು, ಬೆಳ್ಳಿ ಬಣ್ಣದ ಕವರಿನಲ್ಲಿತ್ತು. ಡಬ್ಬಿಯನ್ನು ಒಡೆದು, ಕವರನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅಂಗಳದಲ್ಲಿ ಒಣಗಲು ಹಾಕಿದ್ದ ಬಟ್ಟೆಗೆ ಮಳೆ ಬಂತೆಂದು ಓಡಿದೆ. ಬಟ್ಟೆ ತೆಗೆದು ಬಂದಾಗ ಅದು ದೇವರ ಗೂಡಿನ ಮುಂದಿತ್ತು, ಮೇಲೊಂದು ಸೇವಂತಿಗೆ ಹೂವು. ಅತ್ತೆ ಊದುಬತ್ತಿ ಬೆಳಗುತ್ತಿದ್ದರು. ಮನೆಗೆ ಹೊಸ ವಸ್ತು ಬಂದರೆ ಪೂಜೆಯಾಗದೆ ಕೆಲಸಕ್ಕೆ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಕಾರ್ಖಾನೆಯಲ್ಲೂ ಆಯುಧಪೂಜೆಗೆ ಮಷೀನುಗಳಿಗೆಲ್ಲ ಇವರೇ ಮುಂದೆ ನಿಂತು ವಿಭೂತಿ ಹಚ್ಚುವವರು. ಹಾಗಾಗಿ ನಾನೂ ಕೈ ಮುಗಿದು, ಹೂವನ್ನು ಎತ್ತಿ ಬದಿಗಿಟ್ಟು, ಕವರನ್ನು ತೆಗೆದುಕೊಂಡು ಹೋದೆ.

ಇವರು ಮಲಗಿದಲ್ಲಿಂದ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಪ್ಲಗ್ ಕಿತ್ತು, ಡಬ್ಬದ ಪಕ್ಕದ ತಗಡನ್ನು ಹೊಲಿಗೆ ಮಷೀನಿನ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿದೆ. ಒಳಗೆ ಧೂಳೋ ಧೂಳು. "ಮದ್ಲ ಕಬ್ಬಿಣ ಮುಟ್ಟು. ಮೈಯಾಗಿನ ಕರೆಂಟ್ ಇಳೀಲಿ" ಅಂದರು. ಮುಟ್ಟಿದೆ. ಹಿಂದಿನ ಸಣ್ಣ ಪಟ್ಟಿಯನ್ನು ತೆಗೆದು, ಕವರಿನಿಂದ ಕಾರ್ಡನ್ನು ಹೊರಗೆಳೆದೆ. ಅದರ ಅಂಚಿನಲ್ಲಿ ಬೆಳ್ಳಗೆ ಪುಡಿ ಇತ್ತು. ಹೊಸ ರಬ್ಬರ್ ಗ್ಲೌಸಿಗೆ ಪೌಡರ್ ಹಾಕಿ ಕಳಿಸುವುದಿಲ್ಲವೇ, ಇದಕ್ಕೂ ಕಂಪನಿಯವರು ಹಾಗೇ ಹಾಕಿರುತ್ತಾರೆ ಅಂದುಕೊಂಡು, ಇವರು ತೋರಿಸಿದ ಸಂದಿಗೆ ಒತ್ತಿ ಕೂಡಿಸಿದೆ. ಟಕ್ ಅಂತ ಕೂತಿತು. ಸ್ಕ್ರೂ ಹಾಕಿ, ಹಿಂದೆ ಎರಡು ಆಂಟೆನಾ ತಿರುವಿ ನಿಲ್ಲಿಸಿದೆ. ನನಗೆ ನಾನೇ ಶಹಭಾಸ್ ಅಂದುಕೊಂಡೆ.

ಕಂಪ್ಯೂಟರ್ ಹತ್ತಿತು, ಕಾರ್ಡು ಮಾತ್ರ ಕಾಣಲಿಲ್ಲ. ಇವರು ಹಾಸಿಗೆಯಲ್ಲಿ ಒರಗಿ ಮೌಸ್ ಹಿಡಿದು ಎಲ್ಲ ಕಡೆ ಹುಡುಕಿದರು. ಅಂಥದ್ದೊಂದು ಒಳಗಿದೆ ಅಂತಲೇ ಕಂಪ್ಯೂಟರಿಗೆ ಗೊತ್ತಿಲ್ಲ. ತೆಗೆದು ಮತ್ತೆ ಕೂಡಿಸು ಅಂದರು, ಕೂಡಿಸಿದೆ. ಪಕ್ಕದ ಸಂದಿಗೆ ಹಾಕು ಅಂದರು, ಹಾಕಿದೆ. ಅಷ್ಟರಲ್ಲಿ ಸಂಜೆಯ ಕರೆಂಟ್ ಹೋಯಿತು. ಅಂಗಡಿಯವನಿಗೆ ಗೇಟಿನಿಂದ ಫೋನ್ ಮಾಡಿದರೆ, "ಸೋಮವಾರ ಮಧ್ಯಾಹ್ನ ತಗೊಂಬನ್ನಿ ಮೇಡಂ, ನಾಳೆ ರಜಾ" ಅಂದ. ಸೋಮವಾರ ಮಧ್ಯಾಹ್ನ ತಂದು ನಾನೇನು ಮಾಡಲಿ, ನನ್ನ ತಲೆ!

ಭಾನುವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಮತ್ತೆ ಬಿಚ್ಚಿದೆ. ಈ ಸಲ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದೆ. ಆ ಕಡೆ, ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲುಗಳಿರುವ ಅಂಚಿನ ಮೇಲೆ, ಅಡ್ಡಡ್ಡ ಮಾಸಿದ ಮೂರು ಬಿಳಿ ಗೆರೆ. ನಟ್ಟನಡುವೆ ಕುಂಕುಮ.

"ರೀ" ಅಂದೆ. ನನ್ನ ದನಿಗೇ ಇವರಿಗೆ ಗಾಬರಿಯಾಯಿತು. ಕಾರ್ಡನ್ನು ಕೈಗೆ ಕೊಟ್ಟೆ. ನೋಡಿದರು, ನೋಡಿದರು, ಕಿವಿಯ ತನಕ ಕೆಂಪಾದರು. ಕಾರ್ಡು ಮಾತಾಡುವುದೇ ಆ ಹಲ್ಲುಗಳಿಂದ. ಅದಕ್ಕೇ ಬೂದಿ ಮೆತ್ತಿದರೆ ಕಂಪ್ಯೂಟರಿಗೆ ಕೇಳಿಸುವುದಾದರೂ ಹೇಗೆ?

"ಅವ್ವಾ! ಇದಕ್ಕ ಯಾಕ ಹಚ್ಚಿದಿ?"

ಅತ್ತೆ ಹಿಟ್ಟಿನ ಕೈಯಲ್ಲೇ ಬಂದರು. "ಪೂಜಿ ಮಾಡಿದ್ನಪಾ. ಹೊಸಾದು ಬಂದೈತಿ ಅಂತ ಕವರಿನ್ಯಾಗಿಂದ ಹೊರಗ ತಗದೆ. ಅದರ ಮಖ ಯಾವದು ಅಂತ ತಿಳೀಲಿಲ್ಲ. ಇಲ್ಲೆ ಬಂಗಾರದಂಗ ಹೊಳ್ಯಾಕತ್ತಿತ್ತು. ಇದಽ ಮಖ ಅಂತ ಎರಡೂ ಕಡೆ ಹಚ್ಚಿದೆ."

"ಏನ್ ಮಾಡಿಟ್ಟೀ ಬೇ! ನಾಳೆ ಮುಂಜಾನೆ ಇದು ನಡೀಲಿಲ್ಲಂದ್ರ ನನ್ನ ಕೆಲಸಾನಽ ಹೋಗತೈತಿ, ಗೊತ್ತೇನು ನಿನಗ? ರಜಾ ಇಲ್ಲ, ಏನೂ ಇಲ್ಲ!"

ಮುಚ್ಚಿಟ್ಟಿದ್ದೆಲ್ಲ ಒಂದೇ ಮಾತಿನಲ್ಲಿ ಹೊರಗೆ ಬಿತ್ತು. ಅತ್ತೆ ಒಮ್ಮೆ ಇವರ ಮುಖ ನೋಡಿದರು, ಒಮ್ಮೆ ಪ್ಲಾಸ್ಟರ್ ನೋಡಿದರು. ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕೂತುಬಿಟ್ಟರು. ನನಗೆ ಇವರ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. "ಹಚ್ಚಿದ್ದು ನಿಮ್ಮ ಒಳ್ಳೇದಕ್ಕಽ ಅಲ್ಲೇನ್ರಿ? ಬಾಯಿ ಮಾಡೂದು ಬಿಟ್ಟು ಒರಸೂದು ಹೆಂಗ ಅಂತ ಹೇಳ್ರಿ" ಅಂದೆ.

ಮೊದಲು ಬಟ್ಟೆಯಿಂದ ಒರೆಸಿದೆ. ವಿಭೂತಿ ಹೋಯಿತು, ಕುಂಕುಮದ ಜಿಡ್ಡು ಹೋಗಲಿಲ್ಲ. ಹಾಕಿ ನೋಡಿದರೆ ಅದೇ ರಾಗ, ಅದೇ ಹಾಡು. ಇವರು ಕಣ್ಣು ಮುಚ್ಚಿಕೊಂಡು ಯೋಚಿಸಿದರು. ಕಾರ್ಖಾನೆಯಲ್ಲಿ ಮಷೀನಿನ ಬೋರ್ಡು ಕೈಕೊಟ್ಟರೆ ರಬ್ಬರಿನಿಂದ ತಿಕ್ಕುತ್ತಾರಂತೆ, ಪೆನ್ಸಿಲ್ ಅಳಿಸುವ ರಬ್ಬರು. ಡಿಪ್ಲೊಮಾ ಓದುವಾಗಿನ ಇವರ ಡ್ರಾಯಿಂಗ್ ಡಬ್ಬಿ ಬೀರುವಿನ ಮೇಲಿತ್ತು. ಅದರಲ್ಲಿ ಒಂದು ತುಂಡು ಸಿಕ್ಕಿತು. ಕಾರ್ಡನ್ನು ಟವೆಲ್ಲಿನ ಮೇಲಿಟ್ಟುಕೊಂಡು ಹಲ್ಲು ಹಲ್ಲಿಗೂ ಮೆಲ್ಲಗೆ ತಿಕ್ಕಿದೆ. ಕೆಂಪು ರಬ್ಬರಿಗೆ ಹತ್ತಿತು, ಬಂಗಾರ ಹೊರಗೆ ಬಂತು. ಬೂದಿ ಕೂತಿದ್ದ ಸಂದಿಗಳನ್ನು ಹೊಸ ಹಲ್ಲುಜ್ಜುವ ಬ್ರಷ್ಷಿನಿಂದ ಗುಡಿಸಿ, ಉಸಿರು ಬಿಗಿಹಿಡಿದು ಮತ್ತೆ ಕೂಡಿಸಿದೆ.

"ಬಂತು!" ಅಂತ ಇವರು ಕೂಗಿದ ಜೋರಿಗೆ ಮೇಲ್ಮನೆಯ ನಾಯಿ ಬೊಗಳಿತು.

ಬಂದದ್ದು ಅರ್ಧ. ಕಂಪ್ಯೂಟರಿಗೆ ಏನೋ ಒಂದು ಒಳಗೆ ಬಂದಿದೆ ಅಂತ ತಿಳಿಯಿತು, ಏನು ಬಂದಿದೆ ಅಂತ ತಿಳಿಯಲಿಲ್ಲ. ಅದಕ್ಕೆ ಡ್ರೈವರ್ ಬೇಕಂತೆ. ಡ್ರೈವರ್ ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರು. ಡಬ್ಬಿಯಲ್ಲಿ ಒಂದು ಸೀಡಿ ಇತ್ತು, ನಮ್ಮ ಕಂಪ್ಯೂಟರಿಗೆ ಸೀಡಿ ಹಾಕುವ ಬಾಯಿಯೇ ಇರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಅಂತ ಡಬ್ಬಿಯ ಮೇಲೆ ಬರೆದಿತ್ತು. ಇಂಟರ್ನೆಟ್ ಬರಲೆಂದು ಡ್ರೈವರ್, ಡ್ರೈವರ್ ಬರಲೆಂದು ಇಂಟರ್ನೆಟ್! ಇದನ್ನು ಮಾಡಿದ ಪುಣ್ಯಾತ್ಮ ಎದುರಿಗಿದ್ದಿದ್ದರೆ ನಾನು ಅವನ ಅಳತೆ ತೆಗೆದುಕೊಂಡುಬಿಡುತ್ತಿದ್ದೆ.

ಮೇಲ್ಮನೆಯವರನ್ನು ಮತ್ತೆ ಕಾಡಲು ಸಂಕೋಚ, ಹಾಗಾಗಿ ಗೇಟೇ ಗತಿ. ಫೋನಿನಲ್ಲಿ ಇಳಿಸಿಕೊಂಡು ವೈರಿನಿಂದ ಕಂಪ್ಯೂಟರಿಗೆ ಹಾಕಬಹುದು ಅಂದರು ಇವರು. ಕಾರ್ಡಿನ ಹೆಸರನ್ನು ಅಕ್ಷರ ಅಕ್ಷರ ಬರೆದುಕೊಂಡು, ಕೊಡೆ ಹಿಡಿದು ಹೋಗಿ ನಿಂತೆ. ಜಿಟಿಜಿಟಿ ಮಳೆ. ಫೋನಿನ ಮೇಲಿನ ಗೀಟು ಒಂದಿಷ್ಟು ಮುಂದೆ ಹೋಗುತ್ತದೆ, ನಿಲ್ಲುತ್ತದೆ. ಒಮ್ಮೆ ಪೂರ್ತಿ ನಿಂತುಹೋಗಿ ಮೊದಲಿನಿಂದ ಶುರುವಾಯಿತು. ಮೇಲಿನಿಂದ ಓನರ್ ಅಂಕಲ್ ಬಗ್ಗಿ ನೋಡಿ, "ಯಾಕಮ್ಮ, ಮಳೇಲಿ ನಿಂತಿದ್ದೀಯಾ? ಗಾಳೀಲಿ ಬರ್ನಿಲ್ವಾ?" ಅಂದರು.

"ಬರ್ತಾ ಇದೆ ಅಂಕಲ್, ನಡ್ಕೊಂಡ್ ಬರ್ತಾ ಇದೆ" ಅಂದೆ. ಅವರು ನಕ್ಕರು. ನನಗೂ ಅಳು ಬರುವ ಜಾಗದಲ್ಲಿ ನಗು ಬಂತು.

ಕೊನೆಗೂ ಇಳಿಯಿತು. ಒಳಗೆ ತಂದು, ವೈರು ಚುಚ್ಚಿ, ಇವರು ಏನೇನೋ ಒತ್ತಿ, ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದರು. ಪರದೆಯ ಮೂಲೆಯಲ್ಲಿ ಸುತ್ತಮುತ್ತಲಿನ ಮನೆಗಳ ವೈಫೈ ಹೆಸರುಗಳು ಒಂದೊಂದಾಗಿ ಮೂಡಿದವು. ನಾನು ಅಂಥ ಚಂದದ ಓದು ಎಂದೂ ಓದಿರಲಿಲ್ಲ. ಓನರ್ ಅಂಕಲ್ ಹೆಸರಿನದು ಎರಡನೆಯದು. ಪಾಸ್‌ವರ್ಡ್ ಹಾಕಿದರು. ಸೇರಿತು. ಆಂಟೆನಾಗಳನ್ನು ಬಾಗಿಲ ಕಡೆ ಸ್ವಲ್ಪ ಬಗ್ಗಿಸಿದ ಮೇಲೆ ಗೀಟುಗಳು ತುಂಬಿಕೊಂಡವು. ನಾನು ಅಲ್ಲೇ ನೆಲಕ್ಕೆ ಕೂತೆ. ಎದೆಯ ಮೇಲಿನ ಕಲ್ಲು ಇಳಿಯಿತು ಅನ್ನುತ್ತಾರಲ್ಲ, ಅದು ಬರೀ ಮಾತಲ್ಲ ಅಂತ ನನಗೆ ಗೊತ್ತಾದದ್ದು ಆಗ.

"ಅತ್ತೀ, ಹತ್ತಿತ್ರಿ, ಎಲ್ಲಾ ಸರಿ ಆತು" ಅಂತ ಹೊಸ್ತಿಲಿಗೆ ಹೋಗಿ ಹೇಳಿದೆ. "ಚಲೋ ಆತವಾ" ಅಂದರು, ಎದ್ದು ಬರಲಿಲ್ಲ. ಇವರೂ ಮಲಗಿದಲ್ಲಿಂದ, "ಅವ್ವಾ, ಸಿಟ್ಟಿನ್ಯಾಗ ಅಂದೆ, ಬಿಡ ಇನ್ನ" ಅಂದರು. ಅದಕ್ಕೂ "ಹೂಂ" ಅಂದರು ಅಷ್ಟೆ. ಮಧ್ಯಾಹ್ನ ತಾಟಿನ ಮುಂದೆ ಕೂತು ರೊಟ್ಟಿ ಮುರಿದರು, ಬಾಯಿಗೆ ಹಾಕಲಿಲ್ಲ. ರಾತ್ರಿಯೂ ಹಾಗೇ. ನಾವು ಎಷ್ಟು ಸಮಾಧಾನ ಹೇಳಿದರೂ ಅವರ ತಲೆಯಲ್ಲಿ ಒಂದೇ: ಮಗನ ಕೆಲಸ ನನ್ನ ಕೈಯಿಂದ ಹೋಗುತ್ತದೆ.

ಸೋಮವಾರ ಇವರು ಬೆಳಿಗ್ಗೆಯೇ ಗಡ್ಡ ಮಾಡಿಸಿಕೊಂಡರು, ನನ್ನ ಕೈಯಲ್ಲೇ. ಇಸ್ತ್ರಿ ಅಂಗಿ ಕೇಳಿದರು. ಮೇಲೆ ನೀಲಿ ಅಂಗಿ, ಕೆಳಗೆ ಲುಂಗಿ, ಪ್ಲಾಸ್ಟರ್. ಮಾನಿಟರಿನ ಮೇಲಿನ ಪುಟ್ಟ ಕ್ಯಾಮೆರಾಕ್ಕೆ ಲುಂಗಿ ಕಾಣದಂತೆ ದಿಂಬು ಒತ್ತರಿಸಿದೆ. ಪರದೆಯ ಮೇಲೆ ಶ್ರೀಧರ್ ಸಾರ್ ಬಂದರು, ಹೊಸೂರಿನವರು ಬಂದರು. ಇವರು ಡ್ರಾಯಿಂಗ್ ಹಾಕಿ ಮಾತಾಡತೊಡಗಿದರು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಇಷ್ಟು ದಿನ ನೀರು ಕೊಡು, ದಿಂಬು ಕೊಡು ಅನ್ನುತ್ತಿದ್ದ ದನಿ ಇದೇ ಅಂತ ನಂಬಲಾಗಲಿಲ್ಲ. ತಗಡು ಎಲ್ಲಿ ಬಾಗುತ್ತದೆ, ಎಲ್ಲಿ ಹರಿಯುತ್ತದೆ, ಯಾಕೆ ಇಲ್ಲಿ ದುಂಡಗೆ ಮಾಡಬೇಕು ಎಂದೆಲ್ಲ ಹೇಳಿದರು. ಹೊಸೂರಿನವರು ಕೇಳಿದ್ದಕ್ಕೆ ಅಲ್ಲೇ ತಿದ್ದಿ ತೋರಿಸಿದರು. ಪರದೆ ಒಮ್ಮೆಯೂ ನಿಲ್ಲಲಿಲ್ಲ. ಕೊನೆಗೆ ಅವರು "ಓಕೆ ಸಾರ್, ಸ್ಟಾರ್ಟ್ ಪಣ್ಣಲಾಂ", ಅಂದರೆ ಶುರು ಮಾಡೋಣ, ಅಂತ ತಮಿಳಿನಲ್ಲಿ ಅಂದಾಗ ಶ್ರೀಧರ್ ಸಾರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದು ನಮಗೂ ಕಂಡಿತು.

ಆಗಲೇ ನನ್ನ ಪಕ್ಕದಿಂದ ಯಾರೋ ನುಗ್ಗಿದ ಹಾಗಾಯಿತು. ಅತ್ತೆ! ತಲೆಯ ಮೇಲೆ ಸೆರಗು ಹೊದ್ದು, ನೇರ ಪರದೆಯ ಮುಂದೆ ಹೋಗಿ ನಿಂತು ಎರಡೂ ಕೈ ಮುಗಿದರು.

"ಸಾಹೇಬ್ರ, ನಾನ್ರೀ, ಬಸವರಾಜನ ಅವ್ವ. ಆ ಕಾರ್ಡಿಗೆ ಇಬತ್ತಿ ಹಚ್ಚಿದಾಕಿ ನಾನ್ರೀ. ಮಖ ಅಂತ ತಿಳಕೊಂಡು ಹಚ್ಚೀನಿ. ನನ್ನ ಮಗಂದೇನೂ ತಪ್ಪಿಲ್ಲ. ಅವನ್ನ ಕೆಲಸದಿಂದ ತೆಗೀಬ್ಯಾಡ್ರಿ ನಮ್ಮಪ್ಪಾ."

ಶ್ರೀಧರ್ ಸಾರ್‌ಗೆ ತಲೆಬುಡ ತಿಳಿಯಲಿಲ್ಲ. ಯಾವ ಕಾರ್ಡು, ಯಾವ ವಿಭೂತಿ! ಹೊಸೂರಿನವರು ಅತ್ತೆಯ ಕನ್ನಡ ಅರ್ಥವಾಗದೆ, ಹಿರಿಯರು ಅಂತ ಅವರೂ ಕೈ ಮುಗಿದರು. ಇವರು ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಶ್ರೀಧರ್ ಸಾರ್ ಒಂದು ಗಳಿಗೆ ಅತ್ತೆಯನ್ನೇ ನೋಡಿ, ಪರದೆಗೆ ಹತ್ತಿರ ಬಗ್ಗಿ ಹೇಳಿದರು:

"ಅಮ್ಮಾ, ಯಾರ್ ತೆಗೀತಾರೆ? ಕಾಲು ವಾಸಿ ಆಗೋವರ್ಗೂ ನಿಮ್ಮಗ ಮಲಗಿದ್ದಲ್ಲೇ ಕೆಲಸ ಮಾಡ್ತಾನೆ. ಆಮೇಲೆ ನಾನೇ ಬಂದು ಕರ್ಕೊಂಡ್ ಹೋಗ್ತೀನಿ. ಆಯ್ತಾ? ನೀವ್ ಕೂತ್ಕೊಳ್ಳಿ, ಕೈ ಇಳಿಸಿ."

"ಖರೇನ?"

"ಖರೇ ಕಣಮ್ಮಾ."

ಪರದೆ ಆರಿತು. ಇವರು ಮುಖದಿಂದ ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು. "ಅವ್ವಾ, ಮಾನ ತಗದಿ ಬಿಡ" ಅಂದು, ಅತ್ತೆಯ ಕೈ ಹಿಡಿದು ಹಾಸಿಗೆಯ ಅಂಚಿಗೆ ಕೂಡಿಸಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಎಲುಬು ಮುರಿದಾಗಲೂ ಅತ್ತವರಲ್ಲ. ಅತ್ತೆ ಅವರ ತಲೆ ಸವರುತ್ತ ಎಷ್ಟೋ ಹೊತ್ತು ಕೂತಿದ್ದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಏ ಸಾವಿತ್ರಿ, ರೊಟ್ಟಿ ಅದಾವೇನು? ಹೊಟ್ಟಿ ಭಾಳ ಹಸದೈತಿ."

"ಅತ್ತೀ, ಇವತ್ತು ಶ್ರಾವಣ ಸೋಮವಾರರಿ. ಹೊತ್ತು ಮುಳುಗೂತನಕ ನೀವು ಒಂದ ತುತ್ತೂ ಮುಟ್ಟಂಗಿಲ್ಲಲ್ಲ?"

"ಶಿವಗ ನಾ ಹೇಳ್ಕೊಂತೀನಿ" ಅಂದರು. "ನೀ ಹಾಕವಾ."